ಆರು ತಂತಿಗೆ ಹಾಡು ಇಳಿಸಿದವರ ಹೆಸರು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಒಂಟಿ ಗಿಟಾರಿನಲ್ಲಿ ಭಾವಗೀತೆ ನುಡಿಸುವವರ ಬಗ್ಗೆ ಎರಡು ಪುಟ ಬರೆದು, ಅದಕ್ಕೆ 'ಸೃಷ್ಟಿ' ಎಂಬ ದೊಡ್ಡ ಮಾತು ಬಳಸಿದ್ದೀರಿ. ಕವಿತೆ ಒಬ್ಬರದು, ರಾಗ ಇನ್ನೊಬ್ಬರದು, ಹಾಡಿದವರು ಮತ್ತೊಬ್ಬರು. ಅದನ್ನೇ ಮಾತಿಲ್ಲದೆ ತಂತಿಯ ಮೇಲೆ ಮೀಟಿದರೆ ನಕಲಲ್ಲವೇ? ನಡುನಡುವೆ ಗಿಟಾರಿನ ಹೊಟ್ಟೆ ತಟ್ಟುವುದು ಬೇರೆ. ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ಆರು ತಿಂಗಳಿಂದ ಗಿಟಾರ್ ಹಿಡಿದಿದ್ದಾಳೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು ಹಾಡಮ್ಮ ಎಂದರೆ ಕೇಳುವುದಿಲ್ಲ, ಹಾಡನ್ನೂ ಪಕ್ಕವಾದ್ಯವನ್ನೂ ಬೆರಳುಗಳಲ್ಲೇ ಮೀಟುವ ಈ ಫಿಂಗರ್‌ಸ್ಟೈಲೇ ಬೇಕಂತೆ. ಅವಳಿಗೆ ನೀವೇ ಬುದ್ಧಿ ಹೇಳಬೇಕು.
ಓದುಗರೊಬ್ಬರು, ಸಕಲೇಶಪುರ

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿದ್ದೇನೆ. ಸಿಟ್ಟಿನಲ್ಲಿ ಬರೆದಿದ್ದರೂ ಗಮನವಿಟ್ಟು ಓದಿ ಬರೆದಿದ್ದೀರಿ, ಅಂಥ ಓದುಗರು ಪತ್ರಿಕೆಯ ಭಾಗ್ಯ. ಆದರೆ ಮಗಳಿಗೆ ಬುದ್ಧಿ ಹೇಳುವ ಕೆಲಸ ನನ್ನಿಂದಾಗದು. ಈ ವಿಷಯದಲ್ಲಿ ನಾನು ಅವಳ ಪಕ್ಷ.

ಮೊದಲು ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದನ್ನು ಒಪ್ಪಿಬಿಡುತ್ತೇನೆ. ಕಾವೇರಿ ದಂಡೆಯ ರುದ್ರಪಟ್ಟಣ ನಮ್ಮ ಹಾಸನ ಜಿಲ್ಲೆಯದು, ಆರ್.ಕೆ. ಶ್ರೀಕಂಠನ್ ಅವರಂಥ ಗಾಯಕರು ಹುಟ್ಟಿದ ಊರು. ಅಂಥ ನೆಲದವರು ಕೊರಳೇ ಮೊದಲು ಎಂದರೆ ತಪ್ಪೇನಿಲ್ಲ. ಕವಿತೆಯ ಮಾತು ಗಿಟಾರಿನಲ್ಲಿ ಇರುವುದಿಲ್ಲ. ಸ್ವರವನ್ನು ತೂಗಿ ಜಾರಿಸುವ ಗಮಕವೂ ಪೂರ್ತಿ ಬರುವುದಿಲ್ಲ: ವೀಣೆಯ ಮೆಟ್ಟಿನ ಮೇಲೆ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರ ಹತ್ತಿಸಬಹುದು, ಅಕೌಸ್ಟಿಕ್ ಗಿಟಾರಿನ ಬಿಗಿ ಉಕ್ಕಿನ ತಂತಿ ಒಂದು ಸ್ವರ ಎಳೆಯುವಷ್ಟರಲ್ಲೇ ಬೆರಳನ್ನು ನೋಯಿಸುತ್ತದೆ. ಹೊಟ್ಟೆ ತಟ್ಟುವುದೂ ಅತಿಯಾದರೆ ಹಾಡು ಮುಳುಗುತ್ತದೆ. ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ಈಗ ನಕಲು ಎಂಬ ಮಾತಿಗೆ ಬರೋಣ. ವೀಣೆಗೆ ಏಳು ತಂತಿ. ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ತೋರುಬೆರಳು ನಡುಬೆರಳು ಕೃತಿಯನ್ನು ನುಡಿಸುತ್ತಿದ್ದರೆ ಕಿರುಬೆರಳು ತಾಳದ ತಂತಿ ಮೀಟುತ್ತಿರುತ್ತದೆ. ನುಡಿಸುವ ಕೃತಿಗಳಲ್ಲಿ ಹೆಚ್ಚಿನವು ಕೊರಳಿಗಾಗಿ, ಸಾಹಿತ್ಯದೊಂದಿಗೆ ಹುಟ್ಟಿದವು. ವೀಣೆ ಶೇಷಣ್ಣನವರು ಕೃತಿ ನುಡಿಸಿದ್ದನ್ನು ನಕಲು ಎಂದವರು ಮೈಸೂರು ಸೀಮೆಯಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಶೇಷಣ್ಣನವರು ಹುಟ್ಟಿದ 1852ರಲ್ಲೇ ಸ್ಪೇನಿನಲ್ಲಿ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರ್ರೆಗಾ ಹುಟ್ಟಿದರು. ಅದೇ ನಾಡಿನ ಸಂಗೀತಕಾರ ಆಲ್ಬೆನಿಸ್ ಪಿಯಾನೊಗೆಂದು ಬರೆದದ್ದನ್ನು ಗಿಟಾರಿಗೆ ಇಳಿಸಿದವರಲ್ಲಿ ಅವರೂ ಒಬ್ಬರು. ಪಿಯಾನೊ ಮುಂದೆ ಕೂತವನಿಗೆ ಹತ್ತು ಬೆರಳೂ ಸ್ವರ ಹುಟ್ಟಿಸುತ್ತವೆ. ಗಿಟಾರಿನಲ್ಲಿ ಎಡಗೈಯ ನಾಲ್ಕು ಬೆರಳು ಒತ್ತಿದರೆ ಬಲಗೈಯ ನಾಲ್ಕು ಮೀಟಬೇಕು, ಒಂದು ತಂತಿಯಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಇಷ್ಟು ಇಕ್ಕಟ್ಟಿನಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವವನನ್ನು ನಕಲುಗಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ತೀರ್ಮಾನಗಳು ಯಾವುವು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೆಲಸ ಕಣ್ಣಿಗೆ ಕಂಡರೆ ಗೌರವ ತಾನಾಗಿ ಬರುತ್ತದೆ.

ಮೊದಲನೆಯದು ಶ್ರುತಿ. ಗಿಟಾರಿನ ತಂತಿಗಳು ದಪ್ಪದ ಆರನೆಯದರಿಂದ ಸಣ್ಣ ಮೊದಲನೆಯದರವರೆಗೆ ಇ, ಎ, ಡಿ, ಜಿ, ಬಿ, ಇ. ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಐದನೆಯ ತಂತಿ ಸ, ನಾಲ್ಕನೆಯದು ಮ, ಆರನೆಯದು ಪ. ಹಾಡಿಗೆ ಮುಖ್ಯವಾಗಿ ಬೇಕಾಗುವ ಮೂರು ಬೇಸ್ (ತಳದ ದಪ್ಪ ದನಿಯ) ಸ್ವರವೂ ಬೆರಳೊತ್ತದೆ ಬಿಟ್ಟ ತಂತಿಯಲ್ಲೇ ಸಿಕ್ಕಿ, ಎಡಗೈ ರಾಗಕ್ಕೆ ಬಿಡುವಾಗುತ್ತದೆ. ಗಾಯಕರು ಕಪ್ಪು ಎರಡರಲ್ಲಿ (ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಮನೆ, ಡಿ ಶಾರ್ಪ್) ಹಾಡಿದ್ದಾರೆಂದು ಅದೇ ಶ್ರುತಿಯನ್ನು ಬರಿಗೈಯಲ್ಲಿ ಹಿಡಿಯಹೊರಟವನ ತೋರುಬೆರಳು ಹಾಡಿನುದ್ದಕ್ಕೂ ತಂತಿಗಳನ್ನು ಅಡ್ಡಲಾಗಿ ಒತ್ತಿಕೊಂಡೇ ಇರಬೇಕು. ಎರಡು ಚರಣ ಮುಗಿಯುವಷ್ಟರಲ್ಲಿ ಮಣಿಕಟ್ಟು ಸೋತು ಸ್ವರ ಝರ್ ಎನ್ನತೊಡಗುತ್ತದೆ. ತಿಳಿದವನು ಒಂದನೆಯ ಫ್ರೆಟ್ಟಿಗೆ (ಗಿಟಾರಿನ ಕೊರಳಿನ ಲೋಹದ ಮೆಟ್ಟು) ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕೇಪೊ ಎಂಬ ಕ್ಲಿಪ್ ಹಾಕಿ ಡಿ ಶ್ರುತಿಯ ಹಿಡಿತಗಳಲ್ಲಿ ನುಡಿಸುತ್ತಾನೆ. ಕೇಳುವವರಿಗೆ ಕಪ್ಪು ಎರಡು, ಬೆರಳಿಗೆ ಸುಲಭದ ದಾರಿ.

ಎರಡನೆಯದು ರಾಗದ ಜಾಗ. ರಾಗ ಯಾವಾಗಲೂ ಮೇಲಿನ ಸ್ವರವಾಗಿ ಕೇಳಬೇಕು, ಕಿವಿ ಅದನ್ನೇ ಹಾಡೆಂದು ಹಿಡಿಯುವುದು. ಮೂರನೆಯ ತಂತಿಯ ಬಿಟ್ಟ ಸ್ವರದಿಂದ ಮೊದಲನೆಯ ತಂತಿಯ ಹನ್ನೆರಡನೆಯ ಫ್ರೆಟ್ಟಿನವರೆಗೆ ರಾಗಕ್ಕೆ ಅನುಕೂಲದ ಹರವು. ಅದಕ್ಕಿಂತ ಕೆಳಗಿಳಿದರೆ ರಾಗವೂ ಬೇಸೂ ಒಂದೇ ತಂತಿಗಾಗಿ ಜಗಳವಾಡುತ್ತವೆ. ಆಗ ಇಡೀ ಹಾಡನ್ನು ಮೇಲೆತ್ತಬೇಕು, ಇಲ್ಲವೇ ಆ ಒಂದು ಸಾಲಿನಲ್ಲಿ ಬೇಸನ್ನು ಧೈರ್ಯವಾಗಿ ಬಿಡಬೇಕು.

ಇನ್ನು ನಿಮ್ಮ 'ಮಾತಿಲ್ಲ' ಎಂಬ ಆಕ್ಷೇಪ. ಒಳ್ಳೆಯ ಅರೇಂಜ್‌ಮೆಂಟ್, ಅಂದರೆ ಹಾಡನ್ನು ವಾದ್ಯಕ್ಕೆ ಇಳಿಸುವ ಜೋಡಣೆ, ಬೆವರು ಸುರಿಸುವುದು ಇದೇ ಜಾಗದಲ್ಲಿ. ಗಾಯಕ ಒಂದೇ ಗಾಂಧಾರದ (ಗ) ಮೇಲೆ ಮೂರು ಅಕ್ಷರ ಹಾಡಿದರೆ ವ್ಯಂಜನಗಳು ಬದಲಾಗುವುದರಿಂದ ಕಿವಿಗೆ ಮೂರೂ ಬೇರೆ. ಗಿಟಾರಿನಲ್ಲಿ ಅದೇ ಗಾಂಧಾರವನ್ನು ಮೂರು ಸಲ ಮೀಟಿದರೆ ಬಾಗಿಲು ಬಡಿದಂತೆ ಕೇಳುತ್ತದೆ. ಕಲಿಯುವವರ ನುಡಿಸಾಣಿಕೆ ಸಪ್ಪೆಯಾಗುವುದಕ್ಕೆ ದೊಡ್ಡ ಕಾರಣ ಇದು. ಪರಿಹಾರ ಬೇಸಿನಲ್ಲಿದೆ. ಮೋಹನ ರಾಗದ ಹಾಡು ಎಂದಿಟ್ಟುಕೊಳ್ಳಿ. ತಂತಿಗಳನ್ನು ಆರರಿಂದ ಒಂದರವರೆಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಇಳಿಸಿ. ಬಿಟ್ಟ ತಂತಿಗಳೇ ಸ, ಪ, ಸ, ಗ, ಪ, ಸ ಆಗುತ್ತವೆ, ಮೋಹನಕ್ಕೆ ಹೊರಗಿನ ಸ್ವರ ಒಂದೂ ಇಲ್ಲ. ಮೊದಲನೆಯ ತಂತಿಯಲ್ಲಿ ಬಿಟ್ಟರೆ ಸ, ಎರಡನೆಯ ಫ್ರೆಟ್ ರಿ, ನಾಲ್ಕು ಗ, ಏಳು ಪ, ಒಂಬತ್ತು ದ, ಹನ್ನೆರಡು ಮೇಲಿನ ಸ. ಈಗ ನಾಲ್ಕನೆಯ ಫ್ರೆಟ್ಟಿನ ಗಾಂಧಾರವನ್ನು ಉಂಗುರಬೆರಳಿನಲ್ಲಿ ಒತ್ತಿ ಮೂರು ಸಲ ಮೀಟಿ. ಮೊದಲ ಸಲ ಕೆಳಗೆ ಆರನೆಯ ತಂತಿಯ ಸ, ಎರಡನೆಯ ಸಲ ಐದನೆಯ ತಂತಿಯ ಪ, ಮೂರನೆಯ ಸಲ ಐದನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ ತೋರುಬೆರಳಿಟ್ಟು ದ. ಗಾಂಧಾರ ಒಂದೇ, ಮೂರನೆಯ ಸಲ ಅದರ ಮುಖದ ಮೇಲೆ ನೆರಳು ಬಿದ್ದಿರುತ್ತದೆ. ಕವಿಯ ಸಾಲಿನಲ್ಲಿ ಆ ಅಕ್ಷರಕ್ಕೆ ನೋವಿದ್ದರೆ ಗಿಟಾರಿನಲ್ಲಿ ಅದು ಬರುವ ದಾರಿ ಇದು. ಕವಿತೆಯನ್ನು ಓದಿ ಅರಗಿಸಿಕೊಳ್ಳದವನಿಗೆ ಆ ಧೈವತ (ದ) ಎಲ್ಲಿ ಬೇಕೆಂದು ಹೇಗೆ ಗೊತ್ತಾಗಬೇಕು?

ದೀರ್ಘಸ್ವರದ ಕಷ್ಟವೇ ಬೇರೆ. ಕೊರಳು ಒಂದು ಸ್ವರ ಹಿಡಿದು ಅದನ್ನು ಬೆಳೆಸಬಲ್ಲದು. ಮೀಟಿದ ತಂತಿಯ ದನಿ ಮೀಟಿದ ಕ್ಷಣದಿಂದಲೇ ಕುಗ್ಗುತ್ತದೆ. ಆದ್ದರಿಂದ ಗಾಯಕ ಉಸಿರು ಹಿಡಿದು ನಿಂತಲ್ಲಿ ಗಿಟಾರಿನವನು ನಡುವಿನ ತಂತಿಗಳಲ್ಲಿ ಮೆಲ್ಲನೆ ಓಡಾಡಿ ಆ ಸ್ವರ ಇನ್ನೂ ಬದುಕಿದೆಯೆಂಬ ಭಾವನೆ ಹುಟ್ಟಿಸಬೇಕು. ಆ ಓಡಾಟದಲ್ಲಿ ರಾಗದ ಬೆರಳನ್ನು ಮಾತ್ರ ಎತ್ತಬಾರದು. ಕಾರ್ಡ್ ಬದಲಿಸುವ ಆತುರದಲ್ಲಿ ಎತ್ತಿದರೆ ಹಾಡು ಅಲ್ಲೇ ತುಂಡಾಗುತ್ತದೆ. ಕಾರ್ಡಿನ ಒಂದು ಸ್ವರ ಬಿಟ್ಟರೆ ಯಾರಿಗೂ ತಿಳಿಯದು, ರಾಗದ ಸ್ವರ ತುಂಡಾದರೆ ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ತಿಳಿಯುತ್ತದೆ.

ಶ್ರುತಿ ಬದಲಿಸುವ ಮಾತು ಬಂದದ್ದರಿಂದ ಡಿ, ಎ, ಡಿ, ಜಿ, ಎ, ಡಿ ಎಂಬ ಕ್ರಮವನ್ನೂ ಹೇಳಬೇಕು. ಆರು, ಎರಡು, ಒಂದು ಈ ಮೂರು ತಂತಿಗಳನ್ನು ಒಂದೊಂದು ಪೂರ್ಣ ಸ್ವರ (ಎರಡು ಫ್ರೆಟ್ಟಿನಷ್ಟು) ಇಳಿಸಿದರೆ ಆಯಿತು. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು, ಮೊರಾಕ್ಕೊದಲ್ಲಿ ಕೇಳಿದ ಊದ್ ಎಂಬ ತಂತಿವಾದ್ಯದ ಜೊತೆ ನುಡಿಸಲು ಅನುಕೂಲವಾಗಲೆಂದು. ನಮ್ಮ ಭಾಷೆಯಲ್ಲಿ ಹೇಳಿದರೆ ಸ, ಪ, ಸ, ಮ, ಪ, ಸ. ಕಛೇರಿಯ ಮಂಗಳಕ್ಕೆ ಒದಗುವ ಮಧ್ಯಮಾವತಿಗೆ ಇದಕ್ಕಿಂತ ಹೊಂದುವ ಶ್ರುತಿ ಗಿಟಾರಿನಲ್ಲಿ ಇಲ್ಲ, ಬಿಟ್ಟ ತಂತಿಗಳೆಲ್ಲ ತಂಬೂರಿಯಂತೆ ಗುಂಯ್‌ಗುಡುತ್ತವೆ. ಆದರೆ ಇದೇ ಶ್ರುತಿಯಲ್ಲಿ ಕಲ್ಯಾಣಿ ನುಡಿಸಿದರೆ ಮೂರನೆಯ ತಂತಿಯ ಶುದ್ಧ ಮಧ್ಯಮ ನಡುವೆ ಮೊಳಗಿ ರಾಗವನ್ನೇ ಕೆಡಿಸುತ್ತದೆ. ಕಲಿತವರೂ ಎಡವುವ ಜಾಗ ಇದು.

ಬಲಗೈಗೆ ಬರುತ್ತೇನೆ. ಹೆಬ್ಬೆರಳಿಗೆ ಆರು, ಐದು, ನಾಲ್ಕನೆಯ ತಂತಿ. ತೋರುಬೆರಳಿಗೆ ಮೂರು, ನಡುಬೆರಳಿಗೆ ಎರಡು, ಉಂಗುರಬೆರಳಿಗೆ ಒಂದು. ಅಮೆರಿಕದ ಕೆಂಟಕಿಯ ಮರ್ಲ್ ಟ್ರಾವಿಸ್ ಹೆಬ್ಬೆರಳು ಮತ್ತು ತೋರುಬೆರಳು ಎರಡರಿಂದಲೇ ಬೇಸ್, ಲಯ, ರಾಗ ಮೂರನ್ನೂ ನುಡಿಸುತ್ತಿದ್ದರು. ಅದನ್ನು ರೇಡಿಯೊದಲ್ಲಿ ಕೇಳಿದ ಹುಡುಗ ಚೆಟ್ ಆಟ್ಕಿನ್ಸ್, ಇಷ್ಟು ದನಿ ಎರಡು ಬೆರಳಿನಲ್ಲಿ ಬಂದೀತೆಂದು ಊಹಿಸದೆ, ಹೆಬ್ಬೆರಳಿನ ಜೊತೆ ಇನ್ನಷ್ಟು ಬೆರಳು ಹಚ್ಚಿ ತನ್ನದೇ ಪದ್ಧತಿ ಕಟ್ಟಿಕೊಂಡರು. ಎಲಿಜಬೆತ್ ಕಾಟನ್ ಎಡಗೈಯವರು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದದ್ದರಿಂದ ಅವರ ಬೆರಳುಗಳು ಬೇಸ್ ನುಡಿಸಿದವು, ಹೆಬ್ಬೆರಳು ರಾಗ ನುಡಿಸಿತು. ಮನೆಗೆಲಸ ಮಾಡಿ ಬದುಕಿದ ಹೆಂಗಸು ಅವರು. ಅವರ ಹೆಸರಿನಲ್ಲೇ ಆ ಪದ್ಧತಿಯನ್ನು ಇವತ್ತಿಗೂ ಕಲಿಯುತ್ತಾರೆ.

ತಟ್ಟುವುದರ ಬಗ್ಗೆ ಎರಡೇ ಮಾತು. ಅಂಗೈ ಬುಡದಿಂದ ಬ್ರಿಜ್ (ಹೊಟ್ಟೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಮತ್ತು ರಂಧ್ರದ ನಡುವೆ ತಟ್ಟಿದರೆ ಡಗ್ಗದಂಥ ದನಿ, ಹೆಬ್ಬೆರಳ ಬದಿಯಿಂದ ತಂತಿಗೆ ಹೊಡೆದರೆ ಚಟ್ ಎಂಬ ದನಿ. ನಾಲ್ಕು ಮಾತ್ರೆಯಲ್ಲಿ ಎರಡು ಮತ್ತು ನಾಲ್ಕಕ್ಕೆ ಆ ಚಟ್ ಬಿದ್ದರೆ ಲಯ ಗಟ್ಟಿಯಾಗಿ ನಿಲ್ಲುತ್ತದೆ. ರಾಗಕ್ಕೆ ಅಡ್ಡ ಬರುವಂತೆ ತಟ್ಟುವವರನ್ನು ನಾನೂ ಮೆಚ್ಚುವುದಿಲ್ಲ.

ಇಷ್ಟೆಲ್ಲ ಮಾಡಿದವನ ಹೆಸರು ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಎಲ್ಲಿರುತ್ತದೆ? ನನ್ನ ನಿಜವಾದ ಸಂಕಟ ಇದು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂದು ಇಪ್ಪತ್ತು ಹೆಸರು ಅಚ್ಚಾಗಿರುತ್ತವೆ. ಕೊನೆಯಲ್ಲಿ 'ನಂತರ ಸಾಂಸ್ಕೃತಿಕ ಕಾರ್ಯಕ್ರಮ' ಎಂಬ ಒಂದು ಸಾಲು. ಭಾಷಣ ಮುಗಿದು ಉಪ್ಪಿಟ್ಟು ಕಾಫಿ ಹಂಚುವ ಹೊತ್ತಿಗೆ ವಾದ್ಯದವರನ್ನು ವೇದಿಕೆಗೆ ಹತ್ತಿಸುತ್ತೇವೆ. ಗಾಯನ ಸ್ಪರ್ಧೆಗಳಲ್ಲಿ ಟ್ರ್ಯಾಕ್ ಹಾಕಿ ಹಾಡಿಸುತ್ತೇವೆ, ಆ ಟ್ರ್ಯಾಕಿನ ಒಂದೊಂದು ಕೊಳಲಿನ ಬಿಟ್, ಒಂದೊಂದು ವಯಲಿನ್ ಸಾಲು ಯಾರು ಬರೆದರೆಂದು ಯಾರೂ ಕೇಳುವುದಿಲ್ಲ. ಕಾನೂನು ನಮಗಿಂತ ಮೇಲು: 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ಕೃತಿಯ ಅರೇಂಜ್‌ಮೆಂಟನ್ನು ಅಳವಡಿಕೆ ಎಂದು ಹೆಸರಿಟ್ಟೇ ಹೇಳಿದೆ. ಬೇಲೂರಿಗೆ ಹೋದಾಗ ಮದನಿಕೆಯರ ಅಂದ ನೋಡಿ ಬರುತ್ತೇವೆ, ಪಾದದ ಬಳಿಯ ಅಕ್ಷರ ಓದುವುದಿಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ದೇಗುಲ ಕಟ್ಟಿಸಿದ್ದು ವಿಷ್ಣುವರ್ಧನ, ಕಥೆ ಪುರಾಣದ್ದು, ಆದರೂ ಉಳಿ ಹಿಡಿದವನ ಹೆಸರಿಗೆ 1117ರ ಹೊತ್ತಿನ ಈ ನಾಡಿನಲ್ಲಿ ಜಾಗವಿತ್ತು. ಅದೇ ಜಿಲ್ಲೆಯ ನಾವು ಇಂದು ಒಂದು ಸಾಲಿನ ಜಾಗಕ್ಕೆ ಚೌಕಾಸಿ ಮಾಡುತ್ತಿದ್ದೇವೆ.

ನಿಮ್ಮ ಮಗಳ ವಿಷಯ. ಮೊದಲ ಎರಡು ವಾರ ಅವಳು ರಾಗವನ್ನು ಮುಟ್ಟುವುದೇ ಬೇಡ. ಮೆಟ್ರೊನೋಮ್ ಎಂಬ ತಾಳಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಎ ಕಾರ್ಡ್ ಹಿಡಿದು, ಹೆಬ್ಬೆರಳಿನಿಂದ ಐದು, ನಾಲ್ಕು, ಐದು, ನಾಲ್ಕು ಎಂದು ದಿನಕ್ಕೆ ಹತ್ತು ನಿಮಿಷ ಮೀಟಲಿ. ಅಂಗೈಯ ಅಂಚು ಬ್ರಿಜ್ ಪಕ್ಕದಲ್ಲಿ ಬೇಸ್ ತಂತಿಗಳಿಗೆ ಸೋಕಿಕೊಂಡಿರಲಿ. ಕೆಲವೇ ಮಿಲಿಮೀಟರ್ ಒಳಗೆ ಸರಿದರೂ ದನಿ ಸತ್ತುಹೋಗುತ್ತದೆ, ಆ ಜಾಗ ಅವಳೇ ಹುಡುಕಿಕೊಳ್ಳಬೇಕು. ಹೆಬ್ಬೆರಳು ನಡೆಯುತ್ತಿರುವಾಗಲೇ ಅವಳು ಬಾಯಲ್ಲಿ ಹಾಡು ಹೇಳಬೇಕು. ನೀವು ಹಾಡು ಎಂದದ್ದೂ ಇದರಿಂದ ನಡೆದಂತಾಯಿತು. ಬಾಯಿ ಮತ್ತು ಹೆಬ್ಬೆರಳು ಜಗಳವಾಡದಿದ್ದರೆ ಆಮೇಲೆ ಬೇಸಿನ ಜೊತೆ ಒಟ್ಟಿಗೆ ಬೀಳುವ ರಾಗದ ಸ್ವರಗಳು, ಅದು ಕೂತ ಮೇಲೆ ಎರಡು ಬೇಸಿನ ನಡುವೆ ಬೀಳುವವು. ಟ್ಯಾಬ್ (ತಂತಿಯ ಗೆರೆಗಳ ಮೇಲೆ ಫ್ರೆಟ್ಟಿನ ಅಂಕಿ ಬರೆದ ಹಾಳೆ) ನೋಡಿ ಕಲಿಯುವುದು ತಪ್ಪಲ್ಲ. ಆದರೆ ಅದರ ಅಂಕಿಗಳು ಯಾವ ಫ್ರೆಟ್ ಎಂದು ಹೇಳುತ್ತವೆಯೇ ಹೊರತು ಯಾವುದು ರಾಗ ಎಂದು ಹೇಳುವುದಿಲ್ಲ. ರಾಗದ ಅಂಕಿಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿಸಿ, ಅವಷ್ಟನ್ನೇ ಮೊದಲು ನುಡಿಸಲಿ. ಉಗುರು ಬೆರಳ ತುದಿಯಿಂದ ಒಂದೆರಡು ಮಿಲಿಮೀಟರ್ ಇದ್ದರೆ ಸಾಕು. ಮುರಿದರೂ ಚಿಂತೆಯಿಲ್ಲ, ತಾರ್ರೆಗಾ ಕೊನೆಯ ವರ್ಷಗಳಲ್ಲಿ ಬೆರಳ ಮಾಂಸದಲ್ಲೇ ನುಡಿಸಿದರು.

ಗಿಟಾರಿಗೆ ಮಳೆಗಾಲದ ಜಾಗ್ರತೆ ಬೇಕು. ಅದರ ಮರಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಸಕಲೇಶಪುರದ ಜುಲೈ ಅದನ್ನು ಎಲ್ಲಿ ಕೇಳುತ್ತದೆ? ಮುಂಭಾಗದ ತೆಳು ಹಲಗೆ ನೀರು ಕುಡಿದು ಉಬ್ಬಿ, ಬ್ರಿಜ್ ಮೇಲೆದ್ದು, ತಂತಿ ಫ್ರೆಟ್ಟಿನಿಂದ ದೂರವಾಗುತ್ತದೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಆರನೆಯ ತಂತಿಯ ಎತ್ತರ ಎರಡೂವರೆ ಮಿಲಿಮೀಟರಿನ ಒಳಗಿದ್ದರೆ ಒಳ್ಳೆಯದು. ಅದು ಮೂರೂವರೆ ಆದಾಗ ಹುಡುಗಿ ತನ್ನ ಬೆರಳೇ ಸರಿಯಿಲ್ಲವೆಂದು ಅಳುತ್ತಾಳೆ. ಗೋಡೆಗೆ ತೂಗು ಹಾಕಬೇಡಿ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ಮಳೆಗಾಲವಿಡೀ ಪೊಟ್ಟಣ ಬದಲಿಸುತ್ತಿರಿ. ಒಣಗಲೆಂದು ಒಲೆಯ ಹತ್ತಿರ ಮಾತ್ರ ಇಡಬೇಡಿ. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಮರ ಬೇಗ ಒಣಗಿ ಸೀಳುತ್ತದೆ. ಗಿಟಾರಿನ ಬೆನ್ನು ಬದಿಗಳು ಬೀಟೆಯವೇ ಎಂದು ನೋಡಿ. ಲೋಕದ ಗಿಟಾರ್ ಕಟ್ಟುವವರು ಆಸೆಪಟ್ಟು ಕೊಳ್ಳುವ ಆ ಮರ ನಮ್ಮ ಘಟ್ಟದ ಕಾಡಿನದು.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ಯಾವ ವಾದ್ಯ ಕಾರ್ಯಕ್ರಮದ ವರದಿ ಬಂದರೂ ಕವಿ, ರಾಗ ಸಂಯೋಜಕರ ಜೊತೆ ಅರೇಂಜ್‌ಮೆಂಟ್ ಮಾಡಿದವರ ಹೆಸರೂ ಇರುತ್ತದೆ. ಕಳಿಸುವವರು ಬರೆಯದಿದ್ದರೆ ನಾವೇ ಫೋನ್ ಮಾಡಿ ಕೇಳುತ್ತೇವೆ. ನಿಮ್ಮ ಮಗಳು ಒಂದು ಭಾವಗೀತೆಯನ್ನು ತಾನೇ ಗಿಟಾರಿಗೆ ಇಳಿಸಿದ ದಿನ ಅವಳ ಹೆಸರನ್ನೂ ಬರೆದು ಕಳಿಸಿ, ಯಾವ ಶ್ರುತಿ, ಕೇಪೊ ಎಷ್ಟನೆಯ ಫ್ರೆಟ್ಟಿನಲ್ಲಿ ಎಂಬುದನ್ನೂ ಸೇರಿಸಿ.