ಹಾವಿಗೆ ಹರಳೆಣ್ಣೆ ಎಷ್ಟು ಕೊಡಬೇಕು? ಒಂದು ಹನಿಯೂ ಬೇಡ

ಮನೆಯಲ್ಲಿ ಸಾಕಿದ ಬಾಲ್ ಪೈಥಾನ್ ಹಾವು 26 ದಿನದಿಂದ ಹಿಕ್ಕೆ ಹಾಕಿಲ್ಲ, ಬಾಲದ ಹತ್ತಿರ ಉಬ್ಬಿದೆ, ಹರಳೆಣ್ಣೆ ಎಷ್ಟು ಕುಡಿಸಲಿ ಅಂತ ಕೇಳಿದ್ದೀರಿ. ದಯವಿಟ್ಟು ಬಾಟಲಿ ಕೆಳಗಿಡಿ. ನಾನು ಕುಡಿಸಿದ್ದೆ.

ನಮ್ಮದು ಬಸವನಗುಡಿಯ ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಡಿಸೆಂಬರ್ ತಿಂಗಳು. ನನ್ನ ಬಾಲ್ ಪೈಥಾನ್ ಚಿನ್ನಿಯ ಬಾಲದ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಟ್ಟಿ ಉಂಡೆ ಕೈಗೆ ಸಿಗುತ್ತಿತ್ತು. "ಮಕ್ಕಳಿಗೆ ಕೊಡಲ್ವಾ, ಸ್ವಲ್ಪ ಹರಳೆಣ್ಣೆ ಹಾಕು, ಸಲೀಸಾಗುತ್ತೆ" ಅಂದರು ಅಜ್ಜಿ. ನನಗೂ ಸರಿ ಅನಿಸಿತು. ಸೂಜಿ ತೆಗೆದ ಸಿರಿಂಜಿನಲ್ಲಿ 2 ಎಂ.ಎಲ್. ತುಂಬಿ, ಬಾಯಿ ಬಿಡಿಸಿ ಬಿಟ್ಟೆ.

ತಪ್ಪಾಗಿದ್ದು ಅಲ್ಲೇ. ನಮ್ಮ ಉಸಿರಿನ ದಾರಿ ಗಂಟಲೊಳಗೆ ಇರುತ್ತದೆ. ಹಾವಿಗೆ ಅದು ಬಾಯಿಯ ತಳದಲ್ಲಿ, ಮುಂದುಗಡೆಯೇ ತೆರೆದುಕೊಳ್ಳುತ್ತದೆ. ಇಡೀ ಇಲಿ ನುಂಗುವಾಗಲೂ ಉಸಿರಾಡಬೇಕಲ್ವಾ, ಅದಕ್ಕೆ. ಗುಲಾಬಿ ಬಣ್ಣದ ಪುಟ್ಟ ಸೀಳು, ತೆರೆದು ಮುಚ್ಚುತ್ತಿತ್ತು. ನಾನು ಅದನ್ನು ಕಣ್ಣಾರೆ ನೋಡಿದೆ. ಏನದು ಅಂತ ಯೋಚಿಸಲಿಲ್ಲ. ಎಣ್ಣೆ ಸ್ವಲ್ಪ ಹೊಟ್ಟೆಗೆ ಹೋಯಿತು, ಸ್ವಲ್ಪ ಆ ಸೀಳಿನೊಳಗೆ ಇಳಿಯಿತು. ನೀರು ನೆತ್ತಿಗೇರಿದರೆ ನಾವು ಕೆಮ್ಮಿ ಹೊರಗೆ ಹಾಕುತ್ತೇವೆ. ಹಾವಿಗೆ ಕೆಮ್ಮಲು ಬರುವುದಿಲ್ಲ.

ಎರಡು ದಿನದಲ್ಲಿ ಬಾಯಲ್ಲಿ ಗುಳ್ಳೆ. ತಲೆ ಮೇಲೆತ್ತಿ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಡಾಕ್ಟರ್ ಎಕ್ಸ್‌ರೇ ತೆಗೆಸಿ, ಎನಿಮಾ ಕೊಟ್ಟರು. ಸುಣ್ಣದ ಕಲ್ಲಿನಂಥ ಬಿಳಿ ಉಂಡೆ ಮಾರನೇ ದಿನವೇ ಹೊರಗೆ ಬಂತು. ಕಟ್ಟಿದ್ದು ಬಿಟ್ಟಿತ್ತು. ಆದರೆ ನ್ಯುಮೋನಿಯಾ ಬಿಡಲಿಲ್ಲ. ಒಂಬತ್ತನೇ ದಿನ ಹೋದಳು.

ಅಷ್ಟಕ್ಕೂ 26 ದಿನ ಅನ್ನುವುದೇ ಕಾಯಿಲೆ ಅಲ್ಲ. ಬಾಲ್ ಪೈಥಾನ್ ಒಂದು ತಿಂಗಳು ಸುಮ್ನೆ ಇರುವುದುಂಟು, ಪೊರೆ ಬಿಡುವ ಮುಂಚೆ ಇನ್ನೂ ಜಾಸ್ತಿ. ನೀವು ಚಿಂತೆ ಮಾಡಬೇಕಾಗಿರುವುದು ಚಳಿ ಬಗ್ಗೆ. ಆಫ್ರಿಕಾದ ಹಾವು ಅದು, ಮೈ ಬೆಚ್ಚಗಿಲ್ಲದಿದ್ದರೆ ತಿಂದಿದ್ದು ಕರಗುವುದಿಲ್ಲ. ನನ್ನ ಥರ್ಮಾಮೀಟರ್ ಗಾಜಿನ ತೊಟ್ಟಿಯ ಮೇಲ್ಭಾಗಕ್ಕೆ ಅಂಟಿಸಿತ್ತು, ಅಲ್ಲಿ 30 ತೋರಿಸುತ್ತಿತ್ತು. ಅವಳು ಮಲಗುವ ಜಾಗ ತಣ್ಣಗಿತ್ತು. ನೀವು ಅಳತೆಯನ್ನು ಹಾವು ಮಲಗುವ ನೆಲದಲ್ಲೇ ತೆಗೆಯಿರಿ. ಒಂದು ಬದಿ 31-32 ಡಿಗ್ರಿ ಇರಲಿ, ಬಿಸಿ ಕೊಡುವ ಹೀಟ್ ಮ್ಯಾಟ್‌ಗೆ, ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು.

ಸದ್ಯಕ್ಕೆ ಇಲಿ ಹಾಕಬೇಡಿ. 30 ಡಿಗ್ರಿಯಷ್ಟು ಉಗುರುಬೆಚ್ಚಗಿನ ನೀರಲ್ಲಿ, ಅರ್ಧ ಮೈ ಮುಳುಗುವಷ್ಟು, 20 ನಿಮಿಷ ಬಿಡಿ. ಪಕ್ಕದಲ್ಲೇ ಕೂತಿರಿ. ಹೊಟ್ಟೆ ಒತ್ತಬೇಡಿ. ಉಬ್ಬು ಗಟ್ಟಿಯಾಗಿದ್ದರೆ ಇದ್ಯಾವುದೂ ಬೇಡ, ನೇರ ಎಕ್ಸ್‌ರೇಗೆ ಹೋಗಿ. ನಾಯಿ ಬೆಕ್ಕು ನೋಡುವವರೆಲ್ಲ ಹಾವು ನೋಡುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿ. ಇಂಥ ವಿದೇಶಿ ಪ್ರಾಣಿ ಸಾಕುವವರು ಹೆಸರು ಬರೆಸಬೇಕಾದ ಸರ್ಕಾರಿ ವೆಬ್‌ಸೈಟ್ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಲ್ಲ ಅನ್ನುವ ಭಯಕ್ಕೆ ಡಾಕ್ಟರ ಹತ್ತಿರ ಹೋಗದೆ ಇರಬೇಡಿ. ಆಮೇಲೆ ಅದನ್ನೂ ಮಾಡಿಸಿ.

ಡಾಕ್ಟರ ಹತ್ತಿರ ಒಯ್ಯುವಾಗ ಹಾವನ್ನು ಬಟ್ಟೆ ಚೀಲದಲ್ಲಿ ಹಾಕಿ, ಚೀಲವನ್ನು ಡಬ್ಬದೊಳಗೆ ಇಡಿ. ಬಿಸಿನೀರಿನ ಬಾಟಲಿಯನ್ನು ಟವೆಲಲ್ಲಿ ಸುತ್ತಿ ಪಕ್ಕಕ್ಕಿಡಿ. ಬೆಳಗಿನ ಹೊತ್ತು ಆಟೋದಲ್ಲಿ ಗಾಳಿ ತುಂಬಾ ಹೊಡೆಯುತ್ತದೆ.