ಚಿಗರಿ ಓಡುತ್ತೆ ನಿಜ, ನಮ್ಮ ಓಣಿಗೆ ಎಟಕುತ್ತಾ?

ಪ್ರಶ್ನೆ: ನಮ್ಮ ಮನೆ ಹಳೇ ಹುಬ್ಬಳ್ಳಿಯ ಒಳಗಿನ ಓಣಿಯಲ್ಲಿದೆ. ತಿಂಗಳಿಗೊಮ್ಮೆ ಅವ್ವನನ್ನು ಧಾರವಾಡದ ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸು ಬಂದಮೇಲೆ ಧಾರವಾಡ ಹತ್ತಿರವಾಯಿತು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಮಾತ್ರ ಈಗಲೂ ಅರ್ಧ ದಿನ ಹೋಗುತ್ತೆ. ಈ ‘ಹತ್ತಿರ’ವನ್ನು ಅಳೆಯುವುದು ಹೇಗೆ ಸರ್?

ಉತ್ತರ: ಅವರು ಬಸ್ಸಿನ ಓಟ ನೋಡುತ್ತಿದ್ದಾರೆ, ನೀವು ಮನೆಯ ಹೊಸ್ತಿಲಿಂದ ಲೆಕ್ಕ ಹಾಕುತ್ತಿದ್ದೀರಿ. ಸಾರಿಗೆ ಯೋಜನೆಯವರು ನಿಮ್ಮ ಲೆಕ್ಕಕ್ಕೆ, ಅಂದರೆ ಬೇಕಾದ ಜಾಗ ಎಷ್ಟು ಸುಲಭಕ್ಕೆ ಸಿಗುತ್ತೆ ಅನ್ನುವುದಕ್ಕೆ, ಆಕ್ಸೆಸಿಬಿಲಿಟಿ ಅನ್ನುತ್ತಾರೆ. ನಾನು ಸುಮ್ನೆ ‘ಎಟುಕು’ ಅಂತೀನಿ.

ನಿಮ್ಮ ದಾರಿಯನ್ನೇ ಅಂದಾಜಿಗೆ ಬಿಡಿಸೋಣ. ಅವ್ವನ ನಡಿಗೆಯಲ್ಲಿ ಸ್ಟಾಪಿಗೆ 12 ನಿಮಿಷ. ಸಿಟಿ ಬಸ್ಸು 20 ನಿಮಿಷಕ್ಕೊಂದಾದರೆ ಕಾಯುವುದು ಸರಾಸರಿ ಅದರರ್ಧ, 10. ಬಸ್ಸಿನಲ್ಲಿ 15. ಇಳಿದು, ರಸ್ತೆ ದಾಟಿ, ನಡುವಿನ ಚಿಗರಿ ಸ್ಟೇಷನ್ ಸೇರಲು 6, ಅಲ್ಲಿ ಕಾಯಲು 3. ಚಿಗರಿಯಲ್ಲಿ 25. ಇಳಿದು ಚೀಟಿ ಮಾಡಿಸುವ ಕೌಂಟರ್ ಮುಟ್ಟಲು 8. ಒಟ್ಟು 79 ನಿಮಿಷ. ಚಿಗರಿಯ ಪಾಲು ಮೂರರಲ್ಲಿ ಒಂದೂ ಇಲ್ಲ. ಅದರ ಓಟದಲ್ಲಿ 5 ನಿಮಿಷ ಉಳಿಸಲು ಎಷ್ಟು ಒದ್ದಾಡಬೇಕೋ! ನಿಮ್ಮ ಸಿಟಿ ಬಸ್ಸನ್ನು 10 ನಿಮಿಷಕ್ಕೊಂದು ಬಿಟ್ಟರೆ ಅದೇ 5 ನಿಮಿಷ ಉಳಿಯುತ್ತೆ. ಚಿಗರಿಯ 22 ಕಿ.ಮೀ. ಕಾರಿಡಾರ್ ಬಗ್ಗೆ ಆಗುವಷ್ಟು ಮಾತು ಈ ಸಾದಾ ಬಸ್ಸಿನ ಬಗ್ಗೆ ಆಗುವುದಿಲ್ಲ, ಅಲ್ವಾ?

ಇಡೀ ಊರಿಗೆ ಅಳೆಯುವಾಗ ಸುಲಭದ ದಾರಿ ಎಣಿಕೆ: ಈ ವಾರ್ಡಿನಿಂದ 45 ನಿಮಿಷದೊಳಗೆ ಎಷ್ಟು ಆಸ್ಪತ್ರೆ, ಎಷ್ಟು ಕಾಲೇಜು, ಎಷ್ಟು ಕೆಲಸ ಸಿಗುತ್ತವೆ? ಇದರಲ್ಲೊಂದು ತೊಡಕಿದೆ. 44 ನಿಮಿಷದ ಆಸ್ಪತ್ರೆ ಲೆಕ್ಕಕ್ಕುಂಟು, 46ರದ್ದು ಇಲ್ಲ. 1959ರಲ್ಲಿ ಅಮೆರಿಕದ ಯೋಜನಾ ತಜ್ಞ ವಾಲ್ಟರ್ ಹ್ಯಾನ್ಸನ್ ತೋರಿಸಿದ ಲೆಕ್ಕದಲ್ಲಿ ಈ ಗೆರೆಯಿಲ್ಲ. ದೂರ ಜಾಸ್ತಿಯಾದಂತೆ ಜಾಗದ ತೂಕ ಕಡಿಮೆಯಾಗುತ್ತಾ ಹೋಗುತ್ತೆ. ಅದು ಹೆಚ್ಚು ಕರಾರುವಾಕ್ಕು. ಆದರೂ ನನ್ನ ಓಟು ಎಣಿಕೆಗೇ. ಕಾರ್ಪೊರೇಟರ್ ಮುಂದೆ ಇಟ್ಟರೆ ಚಹಾ ಮುಗಿಯುವುದರೊಳಗೆ ಅರ್ಥವಾಗುತ್ತೆ. 30, 45, 60 ನಿಮಿಷಕ್ಕೆ ಬೇರೆಬೇರೆ ಎಣಿಸಿದರೆ ಆ ತೊಡಕೂ ಅಷ್ಟು ಕಾಡುವುದಿಲ್ಲ.

ಮುಂದಿನ ಸಲ ಹೋಗುವಾಗ ಪ್ರತಿ ಹಂತದ ಹೊತ್ತು ಬರೆದಿಡಿ. ಮರಳಿ ಬರುವಾಗಲೂ ಬರೆಯಿರಿ. ಬೆಳಿಗ್ಗೆ ಸಿಕ್ಕಷ್ಟು ಬಸ್ಸು ಮಧ್ಯಾಹ್ನವೂ ಸಿಗಬೇಕೆಂದಿಲ್ಲ.