ಬೋರರ್ ತೂತಿಗೆ ಸೀಮೆಎಣ್ಣೆ ಬಿಟ್ಟು ಪ್ರಯೋಜನವಿಲ್ಲ

ಪ್ರಶ್ನೆ: ಅರೇಬಿಕಾ ಕಾಫಿ ಗಿಡದ ಎಲೆ ಹಳದಿಯಾಗಿದೆ, ಕಾಂಡದಲ್ಲಿ ತೂತು ಕಾಣಿಸುತ್ತಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಮೇಲೆ ಮಣ್ಣು ಮೆತ್ತಿದರೆ ಗಿಡ ಉಳಿಯುತ್ತದಾ? (ಮೂಡಿಗೆರೆ ಕಡೆಯ ಬೆಳೆಗಾರರು)

ಉಳಿಯುವುದಿಲ್ಲ. ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಒಬ್ಬರು ಸೀಮೆಎಣ್ಣೆ ಅಂತಾರೆ, ಇನ್ನೊಬ್ಬರು ಪೆಟ್ರೋಲ್, ಮತ್ತೊಬ್ಬರು ಸಿರಿಂಜ್ ಹಿಡಿದು ಬರುತ್ತಾರೆ. ಮಾವಿನ ಮರದ ಕಾಂಡ ಕೊರಕಕ್ಕೆ ಹಾಗೆ ಮಾಡುತ್ತಾರೆ ನಿಜ, ಯಾಕೆಂದರೆ ಆ ಹುಳು ತೂತನ್ನು ತೆರೆದೇ ಇಟ್ಟುಕೊಂಡು ಹುಡಿ ಹೊರಗೆ ತಳ್ಳುತ್ತಿರುತ್ತದೆ. ಕಾಫಿಯ ಬಿಳಿ ಕಾಂಡ ಕೊರಕ, ಅಂದರೆ ನಾವು ಬೋರರ್ ಅನ್ನುವ ಹುಳು, ಹಾಗಲ್ಲ. ಅದು ಕೊರೆದ ದಾರಿಯನ್ನೆಲ್ಲ ತನ್ನ ಹಿಕ್ಕೆಯಿಂದಲೇ ಗಟ್ಟಿಯಾಗಿ ತುಂಬಿಕೊಂಡು ಹೋಗುತ್ತದೆ. ಒಂದು ಸತ್ತ ಗಿಡವನ್ನು ಸೀಳಿ ನೋಡಿ, ಹುಡಿ ಎಷ್ಟು ಒತ್ತಾಗಿ ಕೂತಿರುತ್ತದೆ ಅಂದರೆ ಚಾಕುವಿನ ತುದಿಯಿಂದ ಕೆರೆದು ತೆಗೆಯಬೇಕು. ಅದರೊಳಗೆ ಸೀಮೆಎಣ್ಣೆ ಎಲ್ಲಿ ಹೋಗುತ್ತದೆ? ಹೊರಗೆ ಕಾಣುವ ಆ ದುಂಡನೆಯ ತೂತು, ಒಳಗಿನ ಹುಳು ಬೆಳೆದು ದುಂಬಿಯಾಗಿ ಹಾರಿಹೋಗುವಾಗ ಮಾಡಿದ್ದು. ನೀವು ಮಣ್ಣು ಮೆತ್ತುವ ಹೊತ್ತಿಗೆ ಅದು ಪಕ್ಕದ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಟ್ಟಾಗಿರುತ್ತದೆ.

ನೋಡಬೇಕಾದ್ದು ತೂತನ್ನಲ್ಲ, ಉಬ್ಬನ್ನು. ಮೊಟ್ಟೆ ಒಡೆದು ಬಂದ ಮರಿ ಮೊದಲ ಎರಡು ತಿಂಗಳು ತೊಗಟೆಯ ಕೆಳಗೇ ತಿನ್ನುತ್ತದೆ, ಆಮೇಲೆ ಗಟ್ಟಿ ಮರದೊಳಗೆ ಇಳಿಯುತ್ತದೆ. ಅದು ತಿಂದ ಕಡೆ ತೊಗಟೆ, ಮುಂಗೈ ಮೇಲಿನ ನರ ಉಬ್ಬಿದ ಹಾಗೆ, ಏರಿಯಾಗಿ ಎದ್ದಿರುತ್ತದೆ. ಕಾಂಡದ ಮೇಲಿನ ಪಾಚಿ ಉಜ್ಜಿ ತೆಗೆದು, ಬುಡದಿಂದ ಮೇಲಕ್ಕೆ ಕೈಯಾಡಿಸಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ದಪ್ಪ ರೆಂಬೆಗಳನ್ನೂ ಬಿಡಬೇಡಿ.

ಇದನ್ನು ಮಾರ್ಚ್‌ನಲ್ಲಿ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಒಂದು ಸಲ ಮಾಡಬೇಕು. ದುಂಬಿ ಹಾರುವುದು ಏಪ್ರಿಲ್-ಮೇನಲ್ಲಿ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾರುವ ಮೊದಲೇ ಗಿಡ ಹುಡುಕಿ ಕಿತ್ತರೆ ಲಾಭ, ಆಮೇಲೆ ಕಿತ್ತರೆ ಬರೀ ಸೌದೆ. ಕೆಲಸವನ್ನು ರೈಟರಿಗೆ (ತೋಟದ ಮೇಲ್ವಿಚಾರಕನಿಗೆ) ಒಪ್ಪಿಸಿ ಮನೆಯಲ್ಲಿ ಕೂರಬೇಡಿ, ಒಂದೆರಡು ಸಾಲಾದರೂ ಜೊತೆಗೆ ನಡೆಯಿರಿ. ದಿನಕ್ಕೆ ಇಷ್ಟು ಗಿಡ ನೋಡಬೇಕು ಅಂತ ಲೆಕ್ಕ ಹಾಕಿದರೆ ಆಳುಗಳು ಕಾಂಡ ಮುಟ್ಟದೆ ದಾಟಿಬಿಡುತ್ತಾರೆ, ಅದು ಅವರ ತಪ್ಪಲ್ಲ.

ಸಿಕ್ಕ ಗಿಡವನ್ನು ಬೇರು ಸಮೇತ ಕೀಳಿ, ಯಾಕೆಂದರೆ ಹುಳು ಬೇರಿಗೂ ಇಳಿದಿರುತ್ತದೆ. ಕಿತ್ತದ್ದನ್ನು ಸುಡಿ. "ಒಳ್ಳೆ ಸೌದೆ ಸಾರ್" ಅಂತ ಆಳುಗಳ ಲೈನ್ ಮನೆ ಹಿಂದೆ ಪೇರಿಸಿಟ್ಟರೆ ದುಂಬಿ ಅಲ್ಲಿಂದಲೇ ಹೊರಟು ತೋಟಕ್ಕೆ ಬರುತ್ತದೆ. ಈ ಒಂದು ವಿಷಯದಲ್ಲಿ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಸೌದೆ ಬೇಕೇ ಬೇಕು ಅಂದರೆ ಒಂದು ವಾರ ಹತ್ತು ದಿನ ಕೆರೆಯ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಯ್ಯಿರಿ.

ಇನ್ನು ನೆರಳು. ಹೆಣ್ಣು ದುಂಬಿಗೆ ಬಿಸಿಲು ಬಿದ್ದ ಕಾಂಡ ಅಂದರೆ ಇಷ್ಟ. ಕಾಳುಮೆಣಸಿಗೆ ಬೆಳಕು ಬೇಕು ಅಂತ ಮರಗಸಿಯಲ್ಲಿ (ನೆರಳು ಮರದ ರೆಂಬೆ ಕಡಿಯುವಾಗ) ನೆರಳಿನ ಹಾಲುವಾಣ ಮರಗಳನ್ನೆಲ್ಲ ಬೋಳಿಸಿದವರ ತೋಟದಲ್ಲಿ ಬೋರರ್ ಜಾಸ್ತಿ ಆಗದೆ ಇನ್ನೇನು? ನೆರಳು ಬರುವವರೆಗೆ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಸುಣ್ಣ ಬಳಿಸಿ, 200 ಲೀಟರ್ ನೀರಿಗೆ 20 ಕೆಜಿ ಲೆಕ್ಕದಲ್ಲಿ, ಸ್ವಲ್ಪ ಅಂಟು ಸೇರಿಸಿ. ಅದಕ್ಕೂ ಮೊದಲು ಸಡಿಲ ತೊಗಟೆಯನ್ನು ಗೋಣಿತಾಟಿನಿಂದ ಉಜ್ಜಿ ತೆಗೆಸಿ. ಮಚ್ಚು ಬೇಡ, ಗಾಯವಾಗುತ್ತದೆ.

ಪ್ರಶ್ನೆ: ಮೋಹಕ ಬಲೆ (ವಾಸನೆಯಿಂದ ದುಂಬಿಯನ್ನು ಸೆಳೆಯುವ ಬಲೆ) ಕಟ್ಟಿದರೆ ಸಾಕಲ್ವಾ?

ಸಾಲದು. ಹಾರಾಟ ಶುರುವಾಯಿತಾ ಅಂತ ತಿಳಿಯೋಕೆ ಬಲೆ ಚೆನ್ನಾಗಿದೆ. ಈ ಜಾತಿಯಲ್ಲಿ ವಾಸನೆ ಬಿಡುವುದು ಗಂಡು, ಬಲೆಗೆ ಬರುವುದು ಹೆಣ್ಣು. ಆದರೆ ಬಲೆ ನೋಡಿಕೊಂಡು ಬೋರರ್ ಗಿಡ ಕೀಳುವುದನ್ನೇ ಬಿಟ್ಟವರನ್ನು ಕಂಡಿದ್ದೇನೆ.

ಪ್ರಶ್ನೆ: ರೋಬಸ್ಟಾ ಕಾಫಿಯಲ್ಲಿ ಎಳೆ ರೆಂಬೆ ಒಣಗುತ್ತಿದೆ. ಇದೂ ಅದೇ ಹುಳುವಾ?

ಅಲ್ಲ. ರೆಂಬೆಯ ಅಡಿ ಮಗ್ಗುಲು ತಿರುಗಿಸಿ ನೋಡಿ, ಗುಂಡುಪಿನ್ನಿನಷ್ಟು ತೂತಿದ್ದರೆ ಅದು ಶಾಟ್ ಹೋಲ್ ಬೋರರ್, ರೆಂಬೆ ಕೊರೆಯುವ ಬೇರೆಯೇ ಸಣ್ಣ ದುಂಬಿ. ತೂತಿನಿಂದ ಎರಡು ಮೂರು ಇಂಚು ಒಳಗೆ, ಕಾಂಡದ ಕಡೆಗೆ, ಕತ್ತರಿಸಿ ಸುಡಿ.

ಪ್ರಶ್ನೆ: ಉಪ್ಪು, ಸೋಪಿನ ಪುಡಿ ಕಲಸಿ ಹೊಡೆದರೆ ಕಳೆ ಸಾಯುತ್ತದಂತೆ, ವಿಡಿಯೋ ನೋಡಿದೆ.

ಸಾಯುತ್ತದೆ, ಉಪ್ಪು ಮಣ್ಣಿಗಿಳಿದ ಮೇಲೆ ಮೇಲ್ಪದರದಲ್ಲೇ ಇರುವ ಕಾಫಿಯ ಬೇರೂ ಸಾಯುತ್ತದೆ. ವಿಡಿಯೋ ಮಾಡಿದವನಿಗೆ ತೋಟ ಇದೆಯಾ ಕೇಳಿ.

ಪ್ರಶ್ನೆ: ಫೋಟೋ ಕಳಿಸಿದ್ದೇನೆ, ಯಾವ ಹುಳು ಹೇಳಿ.

ಹಳದಿ ಎಲೆಯ ಫೋಟೋ ನೋಡಿ ಹುಳು ಹೇಳಲಾರೆ. ಬೇರು ಕೊಳೆತರೂ ಎಲೆ ಹಳದಿಯಾಗುತ್ತದೆ. ಪಾಚಿ ತೆಗೆದ ಕಾಂಡದ ಫೋಟೋ ಹತ್ತಿರದಿಂದ ತೆಗೆದು ಕಳಿಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆಯೂ ಗೊತ್ತಾಗುತ್ತದೆ.